ಮಗ್ಗುಲು ಬದಲಿಸಿದ ಗುಡ್ಡ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಅಗಸಿ ಹುರಿಯುತ್ತಿದ್ದರು. ಅಗಸಿ ಹಿಂಡಿ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಒಮ್ಮೆ ನಮ್ಮ ಯಾದಗಿರಿಯ ಕಡೆ ಬನ್ನಿ. ಬಿಸಿ ಜೋಳದ ರೊಟ್ಟಿಯ ಮೇಲೆ ಹಿಂಡಿ ಹರವಿ, ಮೇಲಿಷ್ಟು ಕುಸುಬಿ ಎಣ್ಣೆ ಬಿಟ್ಟುಕೊಂಡು ತಿಂದ ಮೇಲೆ ಮುಂದಿನ ಮಾತು. ಕಾಳು ಬಾಣಲೆಯಲ್ಲಿ ಚಟಪಟ ಅನ್ನುವಾಗ ಏಳುವ ಆ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಎಡಗಾಲಿನ ಮೀನಖಂಡ ತುರಿಸುತ್ತದೆ. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ತುರಿಸುತ್ತದೆ. ಇವತ್ತೂ ಚಹಾದ ಲೋಟ ಕೆಳಗಿಟ್ಟು ಕೆರೆದುಕೊಂಡೆ.

ಕಾರಣ ಹೇಳಬೇಕೆಂದರೆ ಕೆಲವು ವರ್ಷ ಹಿಂದಕ್ಕೆ ಹೋಗಬೇಕು. ಆಗ ನಾನು ವಡಗೇರಾದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಯಾದಗಿರಿಯಲ್ಲಿ, ಕೋಟೆಯ ಗುಡ್ಡದ ಕೆಳಗಿನ ಓಣಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗುವುದು, ಬಸ್ಸಿನಲ್ಲಿ ಬರುವುದು. ಓಡುವ ಬಸ್ಸು ಹತ್ತಿದವಳು ನಾನು, ತುಂಬಿದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವಳೂ ಹೌದು. ಆಗೆಲ್ಲ ಏನೂ ಆಗಲಿಲ್ಲ. ಒಂದು ದಿನ ನಿಲ್ದಾಣದಲ್ಲಿ ತಣ್ಣಗೆ ನಿಂತಿದ್ದ ಬಸ್ಸಿನ ಕೊನೆಯ ಮೆಟ್ಟಿಲಿನಿಂದ ಬಿದ್ದು ಎಡಗಾಲು ಮುರಿದುಕೊಂಡೆ. ನೋಡಲು ಬಂದವರೆಲ್ಲ "ಬಸ್ಸು ಭಾಳ ಜೋರಿತ್ತೇನ್ರಿ?" ಎಂದು ಕೇಳುವರು. "ನಿಂತಿತ್ರಿ" ಎಂದರೆ ಅವರ ಮುಖದಲ್ಲಿ ಕನಿಕರ ಅರ್ಧ ಇಳಿದು ಹೋಗುವುದು. ಆಮೇಲಾಮೇಲೆ ನಾನು ಉತ್ತರ ಹೇಳದೆ ಬರೀ ನಿಟ್ಟುಸಿರು ಬಿಡುವುದನ್ನು ಕಲಿತೆ.

ಕಾಲಿಗೆ ಪ್ಲಾಸ್ಟರ್ ಹಾಕಿದರು. ಮಾರ್ಚ್ ತಿಂಗಳು, ಮಕ್ಕಳ ಪರೀಕ್ಷೆ ಎದುರಿಗಿತ್ತು. ಸ್ವಲ್ಪ ದಿನಕ್ಕೆ ಶಾಲೆಯಿಂದ ಫೋನು ಬಂತು. ಬಹಳ ನಯವಾಗಿಯೇ ಮಾತಾಡಿದರು. ಬೇರೆ ಟೀಚರನ್ನು ತೆಗೆದುಕೊಂಡಿದ್ದೇವೆ, ನೀವು ನಿಶ್ಚಿಂತೆಯಿಂದ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಫೋನಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಕಾಲು ಮುರಿದಾಗ ಅತ್ತಿರಲಿಲ್ಲ, ಆವತ್ತು ಅತ್ತೆ. ಹಲವು ದಿನ ಹಾಗೇ ಮಲಗಿದ್ದೆ. ಗೋಡೆಯ ಸುಣ್ಣದಲ್ಲಿ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂಬುದೊಂದೇ ನನ್ನ ಪಾಠವಾಗಿತ್ತು.

ಬೇಸಿಗೆ ಏರಿದಂತೆ ಪ್ಲಾಸ್ಟರಿನ ಒಳಗೆ ತುರಿಕೆ ಶುರುವಾಯಿತು. ಯಾದಗಿರಿಯ ಏಪ್ರಿಲ್ಲಿನಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡವರು ಮಾತ್ರ ಈ ವಾಕ್ಯದ ಭಾರ ಬಲ್ಲರು. ನನ್ನ ಒದ್ದಾಟ ನೋಡಲಾಗದೆ ನಮ್ಮ ಮನೆಯವರು ಒಂದು ಮುರಿದ ಕೊಡೆಯ ಕಡ್ಡಿ ಕಿತ್ತು ಕೊಟ್ಟರು. ಅವರು ಗಂಜಿನಲ್ಲಿ, ಅಂದರೆ ನಮ್ಮೂರ ಧಾನ್ಯದ ಮಾರುಕಟ್ಟೆಯಲ್ಲಿ, ಒಂದು ಅಂಗಡಿಯ ಗುಮಾಸ್ತರು. ಮಾತು ಕಡಿಮೆ. ಕಡ್ಡಿಯನ್ನು ಹಾಸಿಗೆಯ ಮೇಲಿಟ್ಟು "ಕೆರಕೋ" ಎಂದು ಹೇಳಿ ಕೆಲಸಕ್ಕೆ ಹೋದರು. ಮದುವೆಯಾದ ಮೇಲೆ ಅವರು ಕೊಟ್ಟ ಉಡುಗೊರೆಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಕೊಡೆಯ ಕಡ್ಡಿಯನ್ನು ನೀವು ಯಾವತ್ತಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಅದು ತಂತಿಯಲ್ಲ, ಸಣ್ಣ ಕಾಲುವೆ. ಉದ್ದಕ್ಕೂ ಒಳಗೆ ತೋಡಿರುತ್ತದೆ. ಕೆರೆದುಕೊಂಡು ಮುಗಿದ ಮೇಲೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತೆ. ಮಂಚದ ಕೆಳಗೆ ನನ್ನ ಹವಾಯಿ ಚಪ್ಪಲಿಗಳಿದ್ದವು. ಬಲಗಾಲಿನದು ಶೌಚಕ್ಕೆ ಕುಂಟಿಕೊಂಡು ಹೋಗಲು ಬೇಕಾಗುತ್ತಿತ್ತು. ಎಡಗಾಲಿನದಕ್ಕೆ ಏನೂ ಕೆಲಸವಿರಲಿಲ್ಲ, ನನ್ನ ಹಾಗೆಯೇ. ಅದನ್ನೆತ್ತಿ, ಮನೆಯವರ ದಾಡಿಯ ಬ್ಲೇಡಿನಿಂದ ಅದರ ಮೆತ್ತನೆಯ ರಬ್ಬರಿನಲ್ಲಿ ಒಂದು ಬೇವಿನ ಎಲೆ ಕೆತ್ತಿದೆ. ಬ್ಲೇಡು ಅಂಚು ಕೊಯ್ಯುತ್ತಿತ್ತು, ನಡುವಿನ ರಬ್ಬರು ಮಾತ್ರ ಬರಲೊಲ್ಲದು. ಆಗ ಕೊಡೆಯ ಕಡ್ಡಿಯ ತುದಿಯನ್ನು ಬಾಗಿಲ ಹೊಸ್ತಿಲ ಕಲ್ಲಿಗೆ ಉಜ್ಜಿ ಉಜ್ಜಿ ಹರಿತ ಮಾಡಿದೆ. ತಳ್ಳಿದರೆ ರಬ್ಬರು ಶ್ಯಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಎಷ್ಟು ಖುಷಿಯಾಯಿತೆಂದರೆ ಎಲೆಯ ಒಂದು ದಳದಲ್ಲಿ ನಿಲ್ಲಬೇಕಾದವಳು ಇಡೀ ಕೊಂಬೆಯನ್ನೇ ಕೆತ್ತಿಬಿಟ್ಟೆ. ಚೀಲಗಳಿಗೆ ಗುರುತು ಹಾಕುವ ಕಡುನೀಲಿ ಮಸಿ ಮನೆಯಲ್ಲಿ ಒಂದು ಡಬ್ಬಿ ಇತ್ತು. ಬಟ್ಟೆಯ ಉಂಡೆಯಿಂದ ಅದನ್ನು ಸವರಿ, ಒತ್ತಲು ಬೇರೇನೂ ಕೈಗೆ ಸಿಗದೆ, ತಲೆಯ ಕೆಳಗಿನ ದಿಂಬಿಗೆ ಒತ್ತಿದೆ.

ಬಿಳಿಯ ದಿಂಬಿನ ಮೇಲೆ ಬೇವಿನ ಕೊಂಬೆ ಮೂಡಿತು! ಅದರ ನರ, ಹಲ್ಲಿನಂಥ ಅಂಚು, ಎಲ್ಲ. ಜೀವಮಾನದಲ್ಲಿ ನಾನು ಮಾಡಿದ ಯಾವುದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಅಷ್ಟರಲ್ಲಿ ಅತ್ತೆ ರೊಟ್ಟಿಯ ತಾಟು ಹಿಡಿದು ಒಳಗೆ ಬಂದರು.

ನಮ್ಮ ಅತ್ತೆ ಶರಣಮ್ಮನವರ ಬಗ್ಗೆ ಇಲ್ಲಿ ಹೇಳಲೇಬೇಕು. ತವರು ಶಹಾಪುರ. ಕುಳ್ಳನೆಯ ಆಳು, ದೊಡ್ಡ ದನಿ. ಸೆರಗಿನ ಅಂಚಿಗೆ ಯಾವಾಗಲೂ ಒಂದು ಸೂಜಿ ಚುಚ್ಚಿರುತ್ತಾರೆ, ಅದರ ಬಾಲಕ್ಕೆ ದಾರ ಇದ್ದೇ ಇರುತ್ತದೆ. ಹಳೆಯ ಸೀರೆ, ಹಳೆಯ ಧೋತರ, ಯಾರದೋ ಲಂಗದ ತುಂಡು ಎಲ್ಲ ಪದರಪದರವಾಗಿ ಹಾಸಿ ಕೌದಿ ಹೊಲಿಯುವುದು ಅವರ ಹವ್ಯಾಸವೂ ಹೌದು, ಜಗಳ ಬಂದಾಗ ಕೂತುಕೊಳ್ಳುವ ಜಾಗವೂ ಹೌದು. ಅವರು ಕೌದಿಗೆ ಕೂತರೆ ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ.

ಅತ್ತೆ ದಿಂಬು ನೋಡಿದರು. "ಏನದು?"

"ಬೇವಿನ ಎಲಿ ರಿ."

"ಎಲಿ ಅಂಬೋದು ಕಾಣ್ತದ. ಯಾತರಿಂದ ಹೊಡದಿ?"

ನಾನು ಚಪ್ಪಲಿ ಎತ್ತಿ ತೋರಿಸಿದೆ. ಅವರು ತಾಟು ಕೆಳಗಿಟ್ಟರು. "ಕಾಲಾಗ ಮೆಟ್ಟೋದು ಒಯ್ದು ತೆಲಿ ಇಡೋ ದಿಂಬಿಗಿ ಹಚ್ಚೀಯಾ? ನಿನ್ನ ಬುದ್ಧಿ ಏನು ಕಾಲಾಗ ಇತ್ತೇನ, ಕಾಲು ಮುರದ ಮ್ಯಾಲ ಅದೂ ಹೋತೇನ?"

ದಿಂಬಿನ ಚೀಲ ಕಿತ್ತುಕೊಂಡು ಹೋಗಿ ಬಚ್ಚಲಲ್ಲಿ ತಿಕ್ಕಿದರು, ತಿಕ್ಕಿದರು. ಮಳೆಯಲ್ಲಿ ನೆನೆದರೂ ಚೀಲ ಬಿಡದ ಗಂಜಿನ ಮಸಿ ಅದು, ಹೋಗಲಿಲ್ಲ. ಸಂಜೆ ಅದೇ ಚೀಲವನ್ನು ಒಳಹೊರಗು ಮಾಡಿ ತೊಡಿಸಿ, ನನ್ನ ತಲೆಯ ಕೆಳಗೆ ತುರುಕಿ ಹೋದರು. ಒಂದು ಮಾತ್ರ ಗಮನಿಸಿದೆ. ಮರುದಿನ ನನ್ನ ಮಂಚದ ಪಕ್ಕದಲ್ಲಿ ಹರಿದ ಬಿಳಿ ಧೋತರದ ತುಂಡುಗಳ ಒಂದು ಗಂಟು ಇತ್ತು. ಯಾರಿಟ್ಟರೋ ಯಾರೂ ಹೇಳಲಿಲ್ಲ. ಆ ಗಂಟು ಮುಗಿಯುವ ಹೊತ್ತಿಗೆ ನನ್ನ ಚಪ್ಪಲಿಯ ಎರಡೂ ಮಗ್ಗುಲು ಕೊರೆದು, ಇನ್ನು ಕೆತ್ತಲು ಜಾಗವಿರಲಿಲ್ಲ.

ಮೇ ತಿಂಗಳಲ್ಲಿ ನನ್ನ ನಾದಿನಿ ಸುವರ್ಣಳ ಕುಬಸ, ಅಂದರೆ ಸೀಮಂತ, ನಮ್ಮ ಮನೆಯಲ್ಲಾಯಿತು. ಅವಳನ್ನು ಸುರಪುರಕ್ಕೆ ಕೊಟ್ಟಿದ್ದೇವೆ. ಮೊದಲನೆಯ ಹೆರಿಗೆ, ಪದ್ಧತಿಯಂತೆ ತವರಲ್ಲಿ ಆಗಬೇಕು. ಆದರೆ ಪ್ಲಾಸ್ಟರ್ ಬಿಚ್ಚಿ ನೋಡಿದ ಡಾಕ್ಟರು ಮೂಳೆ ಸರಿಯಾಗಿ ಕೂಡಿಲ್ಲವೆಂದು ನನಗೆ ಮತ್ತೊಮ್ಮೆ ಪ್ಲಾಸ್ಟರ್ ಹಾಕಿ ಕಳಿಸಿದ್ದರು. ಒಂದೇ ಮನೆಯಲ್ಲಿ ಕಾಲು ಮುರಿದ ಸೊಸೆ, ಹಸಿ ಬಾಣಂತಿ ಮಗಳು, ನೋಡಿಕೊಳ್ಳಲು ಒಬ್ಬರೇ ಅತ್ತೆ. ಹೇಗಾದೀತು? ಬಾಣಂತನ ಸುರಪುರದಲ್ಲೇ ಎಂದು ತೀರ್ಮಾನವಾಯಿತು. ಆವತ್ತು ಊಟಕ್ಕೆ ಕೂತಾಗ ಸುವರ್ಣಳ ದೊಡ್ಡತ್ತೆ, ಬೀಗರ ಕಡೆಯ ಹಿರಿಯ ಹೆಂಗಸು, ಹೋಳಿಗೆ ಮುರಿಯುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು: "ಇರ್ಲಿ ಬಿಡ್ರಿ. ತವರಮನಿ ಇದ್ದೂ ಇಲ್ಲದಂಗ ಕೆಲವರ ನಸೀಬು."

ಅತ್ತೆ ತುಪ್ಪದ ಗಿಂಡಿ ಹಿಡಿದು ಅಲ್ಲೇ ನಿಂತಿದ್ದರು. ಮಾತಿಗೆ ಮಾತು ಕೊಡದೆ ಬಿಟ್ಟದ್ದನ್ನು ನಾನು ಮೊದಲ ಸಲ ಕಂಡೆ. ಬೀಗರ ತಾಟಿಗೆ ತುಪ್ಪ ಬಿಟ್ಟು ಮುಂದೆ ಹೋದರು. ನನಗೆ ಕಾಲು ಮಡಚಿ ನೆಲದೊಳಗೆ ಇಳಿಯೋಣ ಅನ್ನಿಸಿತು. ಮಡಚಲು ಬರುತ್ತಿರಲಿಲ್ಲ, ಅದು ಬೇರೆ ಮಾತು.

ಸುವರ್ಣ ಒಳ್ಳೆಯ ಹುಡುಗಿ. ಹೊರಡುವ ಮುಂಚೆ ನನ್ನ ಹಾಸಿಗೆಯ ಮೇಲೆ ಒಂದು ಪೊಟ್ಟಣ ಇಟ್ಟಳು. "ವೈನಿ, ಚಪ್ಪಲಿಗಿ ಇನ್ನ ಬಿಡುಗಡಿ ಕೊಡ್ರಿ. ಇದಕ್ಕ ಲೈನೋ ಅಂತಾರ, ಅಚ್ಚು ಕೆತ್ತಾಕೇ ಮಾಡಿದ್ದು. ಮೊಬೈಲ್‌ದಾಗ ತರಿಸೀನಿ." ಒಳಗೆ ಬೆಲ್ಲದಚ್ಚಿನ ಬಣ್ಣದ, ರೊಟ್ಟಿಗಿಂತ ಸ್ವಲ್ಪ ದಪ್ಪನೆಯ ಹಾಳೆಗಳಿದ್ದವು. ಬಿಚ್ಚುತ್ತಿದ್ದಂತೆ ಕೋಣೆಯೆಲ್ಲ ವಾಸನೆ. ಇಬ್ಬರೂ ಒಟ್ಟಿಗೇ ಮೂಗು ಅರಳಿಸಿ "ಅಗಸಿ!" ಎಂದೆವು. ಖರೇನೇ ಆ ಹಾಳೆಯನ್ನು ಅಗಸಿಯ ಎಣ್ಣೆಯಿಂದಲೇ ಮಾಡುತ್ತಾರೆಂದು ಆಮೇಲೆ ತಿಳಿಯಿತು. ನನಗೂ ಅದಕ್ಕೂ ಹೊಂದಿಕೆಯಾಗಲು ಅಷ್ಟು ಸಂಬಂಧ ಸಾಕಾಯಿತು.

ಮುಂದಿನ ಎರಡು ತಿಂಗಳು ನಾನು ಕಲಿತದ್ದನ್ನು ಕೆಡಿಸಿದ್ದು ಎಂದೇ ಓದಿಕೊಳ್ಳಿ. ಹಾಳೆ ಗಟ್ಟಿಯಿದ್ದರೆ ಕಡ್ಡಿ ಜಾರಿ ಹೆಬ್ಬೆರಳು ಕೊಯ್ಯುತ್ತದೆ. ಅಂಗಳದ ಬಿಸಿಲಿಗಿಟ್ಟರೆ ಬೆಣ್ಣೆಯಾಗುತ್ತದೆ. ನಮ್ಮೂರ ಬಿಸಿಲನ್ನು ಬೈಯದೆ ಉಪಯೋಗಿಸಿದ್ದು ಅದೇ ಮೊದಲು. ಒತ್ತಡ ಸಾಲದೆ ಚಿತ್ರ ಅರ್ಧ ಮೂಡುತ್ತಿತ್ತು. ನನಗೆ ನಿಲ್ಲಲು ಬಾರದು, ಹಾಗಾಗಿ ಕೆತ್ತಿದ ಹಾಳೆಯನ್ನು ಬಟ್ಟೆಯ ಮೇಲೆ ಬೋರಲು ಹಾಕಿ, ಮೇಲೊಂದು ಹಲಗೆಯಿಟ್ಟು, ನಮ್ಮ ಮನೆಯವರನ್ನು ನಿಲ್ಲಿಸುತ್ತಿದ್ದೆ. ಅವರು ದಿನಪತ್ರಿಕೆ ಓದುತ್ತ ನಿಲ್ಲುವರು. ನಾನು ನಿಲ್ಲು ಅಂದ ಜಾಗದಲ್ಲಿ ಅವರು ನಿಂತ ಕಾಲ ಅದೊಂದೇ. ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯ ನೇಕಾರರೊಬ್ಬರಿಂದ ಸುವರ್ಣ ಕೈಮಗ್ಗದ ಬಿಳಿ ಬಟ್ಟೆ ಕಳಿಸಿದ್ದಳು. ಗಂಜಿನ ಮಸಿ ಮುಗಿದಿತ್ತು, ಅಂಗಡಿಯಿಂದ ತಂದ ನೀಲಿ ಬಟ್ಟೆಬಣ್ಣದಲ್ಲಿ ಅದರ ಮೇಲೆ ಭೀಮಾ ನದಿಯ ಬೆಳ್ಳಕ್ಕಿಗಳ ಸಾಲೊಂದನ್ನು ಒತ್ತಿ ಹಿಗ್ಗಿ, ಒಗೆಯಲು ಹಾಕಿದೆ. ಅತ್ತೆ ಬಚ್ಚಲಿನಿಂದ ಕರೆದರು. "ಏ, ಬಾ ಇಲ್ಲಿ. ನಿನ್ನ ಕೊಕ್ಕರಿ ಹಾರಿ ಹೋದ್ವು ನೋಡು!" ಬಟ್ಟೆ ಬೆಳ್ಳಗಿತ್ತು, ನೀರು ನೀಲಿಯಾಗಿತ್ತು. ನೂಲಿಗೆ ಹಾಕಿದ ಗಂಜಿಯನ್ನು ಮೊದಲೇ ತೊಳೆದು ತೆಗೆಯಬೇಕು, ಬಣ್ಣ ಒಣಗಿದ ಮೇಲೆ ಹಿಂಬದಿಯಿಂದ ಬಿಸಿ ಇಸ್ತ್ರಿ ಹಾಕಬೇಕು ಎಂಬ ಎರಡು ಪಾಠವನ್ನು ಆ ಹಕ್ಕಿಗಳು ಹಾರಿಹೋಗುತ್ತ ಹೇಳಿಹೋದವು.

ಶ್ರಾವಣದ ಹೊತ್ತಿಗೆ ಕಾಲು ಕೂಡಿತು. ಕುಂಟುತ್ತ ಓಡಾಡುತ್ತಿದ್ದೆ. ಸುವರ್ಣ ಹೆಣ್ಣು ಹಡೆದಳೆಂದು ಸುದ್ದಿ ಬಂತು. ಅತ್ತೆ ಹೋಗಿ ಕೂಸು ನೋಡಿಕೊಂಡು ಬಂದವರೇ ಪೆಟ್ಟಿಗೆಯಿಂದ ಹಳೆಯ ಸೀರೆಗಳನ್ನು ತೆಗೆದು ಕೌದಿಗೆ ಕೂತರು. ಅಂಚಿನಿಂದ ಸುತ್ತುಸುತ್ತಾಗಿ ಒಳಕ್ಕೆ ಹೊಲಿಯುತ್ತ ಬಂದು, ಒಂದು ಮಧ್ಯಾಹ್ನ ನನ್ನೆದುರು ಹಾಸಿದರು. ನಟ್ಟನಡುವೆ ಒಂದು ತಾಟಿನಷ್ಟು ಜಾಗ ಬರಿದೇ ಇತ್ತು. ಅತ್ತೆಯ ಭಾಷೆಯಲ್ಲಿ ಅದು ಕೌದಿಯ ಹೊಟ್ಟೆ.

"ಇಲ್ಲಿ ಯಾಕ ಬಿಟ್ಟೀರಿ?"

"ನಿನಗ."

ನನಗೆ ತಿಳಿಯಲಿಲ್ಲ. ಅತ್ತೆ ಸೂಜಿಯನ್ನು ಸೆರಗಿಗೆ ಚುಚ್ಚಿದರು. "ಕೂಸು ತವರಮನ್ಯಾಗ ಹುಟ್ಟಲಿಲ್ಲ. ತವರಮನಿ ಕೂಸಿನ ಬಲ್ಲಿಗಿ ಹೋಗಲಿ. ನಾ ಸುವರ್ಣಾನ ಹಡದದ್ದು ನನ್ನ ತವರಾಗ, ನಮ್ಮ ಶಹಾಪುರದ ಗುಡ್ಡ ಹೊಡದು ಕೊಡು. ತೊಟ್ಟಲದಾಗ ಹಾಕೋ ದಿನ ಎಲ್ಲರ ಮುಂದ ಹಾಸತೀನಿ. ಆ ಮುದುಕಿ ನೋಡ್ಲಿ."

ಆ ಮುದುಕಿ ಎಂದರೆ ದೊಡ್ಡತ್ತೆ ಎಂದು ಬೇರೆ ಹೇಳಬೇಕಿಲ್ಲ.

ಶಹಾಪುರದ ಗುಡ್ಡ ನೀವೂ ನೋಡಿರಬಹುದು. ರಸ್ತೆಯಿಂದ ನೋಡಿದರೆ ಯಾರೋ ಅಂಗಾತ ಮಲಗಿದ ಹಾಗೆ, ಹಣೆ, ಮೂಗು, ಗದ್ದ, ಎದೆ ಎಲ್ಲ ಬಂಡೆಯಲ್ಲೇ ಕಾಣುತ್ತದೆ. ಮಲಗಿದ ಬುದ್ಧ ಎನ್ನುತ್ತಾರೆ. ಬುದ್ಧ ಎಂಬ ಹೆಸರು ಕಿವಿಗೆ ಬೀಳುವ ಮುಂಚೆಯೇ ಅತ್ತೆಗೆ ಅದು 'ನಮ್ಮ ಗುಡ್ಡ'. ನಾನು ಹಳೆಯ ಫೋಟೋ ಒಂದನ್ನು ಮುಂದಿಟ್ಟುಕೊಂಡು ದಿನವೂ ಸ್ವಲ್ಪ ಸ್ವಲ್ಪ ಕೆತ್ತಿದೆ. ಈ ಸಲ ಮನೆಯವರನ್ನು ನಿಲ್ಲಿಸಲು ಅತ್ತೆ ಬಿಡಲಿಲ್ಲ. "ಕೂಸಿನ ಕೌದಿ ಬಟ್ಟಿ ಮ್ಯಾಲ ಕಾಲಿಡಬ್ಯಾಡ್ರಿ" ಎಂದರು. ಕೌದಿಯ ನಡುವೆ ಹೊಲಿಯಬೇಕಾದ ಬಿಳಿ ಬಟ್ಟೆಗೆ ಲಟ್ಟಣಿಗೆಯಿಂದ ಒತ್ತಿ ಹಾಳೆ ಎತ್ತಿದೆ. ಕಡುನೀಲಿ ಗುಡ್ಡ ಚೊಕ್ಕಟವಾಗಿ ಮೂಡಿತ್ತು. ಕುಣಿಯುವುದೊಂದು ಬಾಕಿ.

ಅತ್ತೆ ನೋಡಿದರು. ತಲೆಯನ್ನು ಈ ಕಡೆ ವಾಲಿಸಿದರು, ಆ ಕಡೆ ವಾಲಿಸಿದರು. "ಇದು ನಮ್ಮ ಗುಡ್ಡ ಅಲ್ಲ."

"ಯಾಕ್ರಿ? ಮೂಗು ನೋಡ್ರಿ, ಎದಿ ನೋಡ್ರಿ."

"ಎಲ್ಲ ಅದ. ತೆಲಿ ಇರಬೇಕಾದಲ್ಲಿ ಕಾಲು ಅದ, ಕಾಲಿರಬೇಕಾದಲ್ಲಿ ತೆಲಿ ಅದ. ಮಗ್ಗಲ ಬದಲಿ ಮಾಡ್ಯಾನ."

ಫೋಟೋ ತೆಗೆದು ನೋಡಿದೆ. ನಿಜ. ಅಚ್ಚು ತಿರುಗುಮುರುಗಾಗಿ ಬೀಳುತ್ತದೆ. ಎಲೆಗೆ, ಹಕ್ಕಿಗೆ ಎಡಬಲವಿಲ್ಲದ್ದರಿಂದ ಅಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ಏಳನೆಯ ಕ್ಲಾಸಿನ ಮಕ್ಕಳಿಗೆ ಪ್ರತಿವರ್ಷ ಕನ್ನಡಿಯ ಪಾಠ ಮಾಡಿದವಳು ನಾನು! ಒಪ್ಪಿಕೊಂಡು ಸುಮ್ಮನಿರಬೇಕಿತ್ತು. ಆದರೆ ಇಡೀ ಗುಡ್ಡವನ್ನು ಮತ್ತೆ ಕೆತ್ತಬೇಕಲ್ಲ ಎಂಬ ಸಂಕಟಕ್ಕೆ ಬಾಯಿಗೆ ಬಂದದ್ದು ಹೇಳಿದೆ. "ಹಿಂದಿನ ಕಡಿಂದ ನೋಡಿದ್ರ ಹಿಂಗೇ ಕಾಣ್ತದ ರಿ ಅತ್ತಿ."

"ಹಿಂದಿನ ಕಡಿಂದ ಯಾರು ನೋಡ್ಯಾರ?"

"ನೋಡಿಲ್ಲ ಅಂದ್ರ ಇಲ್ಲಂತೇನ್ರಿ?"

ಅತ್ತೆ ಎದ್ದರು. "ಹಂಗಾರ ನಾಳಿ ನಡಿ. ನೋಡೇ ಬಿಡಮ."

ಮರುದಿನ ಶಹಾಪುರದ ಬಸ್ಸು ಹತ್ತಿದೆವು. ಭೀಮಾ ಸೇತುವೆ ದಾಟುವಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಇಳಿಯುವಾಗ ಅತ್ತೆ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದು "ಬಸ್ಸು ನಿಂತದ, ಹುಷಾರು" ಎಂದರು. ಆಟೋದವನು ಎಲ್ಲಿಗೆಂದು ಕೇಳಿದ.

"ಗುಡ್ಡದ ಬೆನ್ನಿಗೆ" ಎಂದರು ಅತ್ತೆ.

"ಅಲ್ಲೇನದ ಅವ್ವಾ?"

"ಅದೇ ನೋಡಬೇಕಾಗ್ಯಾದ."

ಅವನಿಗೂ ಕುತೂಹಲ ಹುಟ್ಟಿತೆಂದು ಕಾಣುತ್ತದೆ, ರಸ್ತೆ ಮುಗಿದ ಮೇಲೂ ಕೆಸರಿನಲ್ಲಿ ಸಾಧ್ಯವಾದಷ್ಟು ದೂರ ಬಿಟ್ಟ. ಅಲ್ಲಿಂದ ನಡೆದೆವು. ಕರಿಮಣ್ಣು ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿ, ಒಂದೊಂದು ಪಾದವೂ ಹೆಂಟೆಯಾಯಿತು. ತೊಗರಿಯ ಹೊಲದ ಬದುವಿನ ಮೇಲೆ ನಿಂತು ತಲೆಯೆತ್ತಿ ನೋಡಿದೆವು.

ತಲೆಯಿಲ್ಲ, ಕಾಲಿಲ್ಲ. ಮೂಗು, ಗದ್ದ ಒಂದೂ ಇಲ್ಲ. ಬಂಡೆಗಳ ರಾಶಿ, ನಡುನಡುವೆ ಜಾಲಿಯ ಪೊದೆ, ಮೇಲೆಲ್ಲೋ ಮೇಯುತ್ತಿದ್ದ ನಾಲ್ಕಾರು ಆಡು. ಯಾರೋ ಗಾಡಿಯಿಂದ ಚೀಲಗಳನ್ನು ದಡದಡ ಇಳಿಸಿಹೋದ ಹಾಗೆ. ನಾನು ಸೋತೆ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ನಗತೊಡಗಿದರು. ಬದುವಿನ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಇಲ್ಲೇ ಹುಟ್ಟೀನಿ, ಇಲ್ಲೇ ಬೆಳದೀನಿ. ಇವನ ಬೆನ್ನು ಇವತ್ತೇ ನೋಡಿದ್ದು. ಬೆನ್ನಾಗ ಏನೂ ಗೊತ್ತಾಗಲ್ಲ ನೋಡು, ನಗಾಕತ್ಯಾನೋ ಅಳಾಕತ್ಯಾನೋ."

ಒಂದು ಕಡ್ಡಿಯಿಂದ ಕಾಲಿನ ಮಣ್ಣು ಕೆರೆಯುತ್ತ, ನನ್ನ ಮುಖ ನೋಡದೆ ಮಾತಾಡಿದರು.

"ಸಾಲಿ ನೌಕರಿ ಹೋದ ಮ್ಯಾಲ ನೀ ಗ್ವಾಡಿ ಕಡಿ ಮಾರಿ ಮಾಡಿ ಮಕ್ಕೊಂಡಿದ್ದಿ. ಅಷ್ಟು ದಿನ ನಿನ್ನ ಬೆನ್ನೇ ನೋಡೀನಿ ನಾ. ರೊಟ್ಟಿ ಇಟ್ಟು ಬರ್ತಿದ್ದೆ, ಹಂಗೇ ಎತ್ತಿಕೊಂಡು ಬರ್ತಿದ್ದೆ. ಕಾಲು ಕೂಡ್ತದ, ಹುಡುಗಿ ಕೂಡ್ತಾಳೋ ಇಲ್ಲೋ ಅಂತ ಅಂಜಿದ್ದೆ. ಚಪ್ಪಲಿ ದಿಂಬಿಗಿ ಹಚ್ಚಿದ ದಿನ ಬೈದೆ ಖರೆ. ಬೈದು ಒಳಗ ಹೋಗಿ ದೇವರಿಗಿ ದೀಪ ಹಚ್ಚೀನಿ."

"ಅದಕ್ಕೇ ಏನ್ರಿ ಧೋತರದ ಗಂಟು?" ಎಂದೆ.

"ಯಾ ಧೋತರ?" ಎಂದು ಎದ್ದು ನಿಂತರು. "ನಡಿ, ಹಸಿವ್ಯಾಗ್ಯಾದ."

ಈ ಕಡೆ ಬಂದು, ಗುಡ್ಡ ನೇರ ಕಾಣುವ ರಸ್ತೆ ಬದಿಯ ಹೋಟೆಲಿನ ಬೆಂಚಿನಲ್ಲಿ ಕೂತು ಮಿರ್ಚಿ ಭಜಿ ತಿಂದೆವು. ಭಜಿ ಕಟ್ಟಿಕೊಟ್ಟದ್ದು ಯಾರದೋ ಹಳೆಯ ನೋಟ್‌ಬುಕ್ಕಿನ ಬರೆಯದ ಹಾಳೆಯಲ್ಲಿ. ಬಂದ ತಪ್ಪಿಗೆ ಗುಡ್ಡವನ್ನಾದರೂ ಬರೆದುಕೊಳ್ಳೋಣವೆಂದು ಅದೇ ಹಾಳೆಯ ಮೇಲೆ ಪೆನ್ನಿನಿಂದ ಗೆರೆ ಎಳೆದೆ. ಈ ಸಲ ಫೋಟೋ ನೋಡಿ ಅಲ್ಲ, ಮುಂದಿದ್ದ ಗುಡ್ಡವನ್ನೇ ನೋಡಿ. ಅತ್ತೆ ಪಕ್ಕದಲ್ಲಿ ಕೂತು ತಿದ್ದುವರು. "ಮೂಗು ಅಷ್ಟು ಉದ್ದ ಇಲ್ಲ. ಎದಿ ಜರಾ ಎತ್ತರ ಮಾಡು, ಉಸುರು ಒಳಗ ತಗೊಂಡಾನ ನೋಡು." ಹಾಳೆ ಎತ್ತಿ ಬೆಳಕಿಗೆ ಹಿಡಿದಾಗ ಕಂಡೆ. ಎಣ್ಣೆ ಹೀರಿದ ಕಾಗದ ಗಾಜಿನಂತಾಗಿ, ಹಿಂಬದಿಯಲ್ಲಿ ಅದೇ ಗುಡ್ಡ ಮಗ್ಗುಲು ಬದಲಿಸಿ ಮಲಗಿತ್ತು! ಮುಂಬದಿ ನೋಡಿ ಬರೆಯುವುದು, ಹಿಂಬದಿ ನೋಡಿ ಕೆತ್ತುವುದು, ಅಷ್ಟೇ. ದೊಡ್ಡ ದೊಡ್ಡ ಕಲಾಶಾಲೆಗಳಲ್ಲಿ ಇದನ್ನು ಮೊದಲನೆಯ ವಾರವೇ ಹೇಳಿಕೊಡುತ್ತಾರೇನೋ, ನನಗೆ ಗೊತ್ತಿಲ್ಲ. ನನಗೆ ಮಾತ್ರ ಅದು ಭಜಿಯ ಜೊತೆ ಸಿಕ್ಕಿತು. ಆ ಖುಷಿಗೆ ಇನ್ನೊಂದು ಪ್ಲೇಟು ಹೇಳಿದೆವು.

ಎರಡನೆಯ ಗುಡ್ಡ ಮೊದಲಿನದಕ್ಕಿಂತ ಬೇಗ ಕೆತ್ತಿ ಮುಗಿಯಿತು. ಬಟ್ಟೆಯ ಗಂಜಿ ತೊಳೆದು, ಒತ್ತಿ, ಒಣಗಿಸಿ, ಇಸ್ತ್ರಿ ಹಾಕಿ ಕೊಟ್ಟೆ. ಅತ್ತೆ ನೋಡಿ ಚೆನ್ನಾಗಿದೆ ಎನ್ನಲಿಲ್ಲ. "ಹಾಂ, ಇವ ನಮ್ಮಾವ" ಎಂದರು. ಕೌದಿಯ ಹೊಟ್ಟೆ ಹಸಿದಿರಬಾರದೆಂದು ರೊಟ್ಟಿಯ ಒಂದು ಚೂರು ಒಳಗಿಟ್ಟು, ಮೇಲೆ ಗುಡ್ಡವಿಟ್ಟು ಹೊಲಿದು ಮುಗಿಸಿದರು.

ತೊಟ್ಟಿಲ ದಿನ ಸುರಪುರದ ಮನೆ ತುಂಬ ಹೆಂಗಸರು. ಅತ್ತೆ ಎಲ್ಲರ ನಡುವೆ ಕೌದಿ ಬಿಚ್ಚಿ ಹಾಸಿದರು. "ಅಯ್ಯ, ಇದು ಶಹಾಪುರದ ಗುಡ್ಡ ಅಲ್ಲೇನ್ರಿ!" ಎಂದು ಯಾರೋ ಗುರುತಿಸಿದರು. ಮುಟ್ಟುವವರು, ತಿರುವಿ ನೋಡುವವರು. ಅತ್ತೆಯ ಮುಖ ನೋಡಬೇಕಿತ್ತು ನೀವು. ದೊಡ್ಡತ್ತೆ ಮಾತ್ರ ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡಿ, "ಚಂದ ಅದ. ಮಳಿ ಬರೋತನ ಚಂದ" ಎಂದರು.

ಕೂಸನ್ನು ತಂದು ಗುಡ್ಡದ ಮೇಲೆ ಮಲಗಿಸಿದರು. ಅದು ಸೂರು ನೋಡಿತು, ಬಾಯಿ ಓರೆ ಮಾಡಿತು, ಆಮೇಲೆ ಬಹಳ ಸಮಾಧಾನದಿಂದ ತನ್ನ ಕೆಲಸ ಮಾಡಿತು. ಬುದ್ಧನ ಹಣೆಯಿಂದ ಎದೆಯವರೆಗೂ ಒದ್ದೆ. ಮನೆಯೆಲ್ಲ ನಗು. "ಹೋತು ಬಿಡ್ರಿ, ನಿಮ್ಮ ಗುಡ್ಡದಾಗ ಹೊಳಿ ಬಂತು" ಎಂದರು ದೊಡ್ಡತ್ತೆ. ನಾನು ನಗಲಿಲ್ಲ. ನನ್ನ ಕಣ್ಣ ಮುಂದೆ ನೀಲಿ ನೀರು, ಬಿಳಿ ಬಟ್ಟೆ, ಹಾರಿಹೋದ ಹಕ್ಕಿಗಳು. ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ನಾನು ತಲೆಯಾಡಿಸಿದೆ. ಯಾವ ಧೈರ್ಯದಿಂದಲೋ ನನಗೇ ಗೊತ್ತಿಲ್ಲ. ಅವರು ಕೌದಿ ಎತ್ತಿಕೊಂಡು ನೇರ ಅಂಗಳದ ನಳಕ್ಕೆ ಹೋದರು. ಮೂಲೆಯಲ್ಲಿ ಮೆಲ್ಲಗೆ ತೊಳೆಯಬಹುದಿತ್ತು. ಅದರ ಬದಲು ಎಲ್ಲರೂ ಬಂದು ನಿಲ್ಲುವವರೆಗೆ ಕಾದು, ನಳ ಬಿಟ್ಟು, ಸಾಬೂನು ಹಚ್ಚಿ, ಬಿಳಿಯ ಬಕೆಟಿನಲ್ಲಿ ಗುಡ್ಡವನ್ನು ಕುಕ್ಕಿ ಕುಕ್ಕಿ ತೊಳೆದು ಹಿಂಡಿದರು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ.

ಬಕೆಟಿನ ನೀರು ಸಾಬೂನಿನ ಬೆಳ್ಳಗೇ ಇತ್ತು.

ಅತ್ತೆ ಕೌದಿಯನ್ನು ತಂತಿಯ ಮೇಲೆ ಹರವಿ ಕೈ ಒರೆಸಿಕೊಂಡರು. ಒದ್ದೆಯಲ್ಲಿ ಗುಡ್ಡ ಇನ್ನೂ ಕಡುನೀಲಿಯಾಗಿ ಕಾಣುತ್ತಿತ್ತು. ದೊಡ್ಡತ್ತೆ ಹತ್ತಿರ ಬಂದು, ಬೆರಳಿಗೆ ಎಂಜಲು ಹಚ್ಚಿಕೊಂಡು ಬುದ್ಧನ ಮೂಗನ್ನು ತಿಕ್ಕಿ, ಬೆರಳು ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನನ್ನ ಮೊಮ್ಮಗಗ ಒಂದು ಮಾಡಿ ಕೊಡ್ತೀಯೇನ ಯವ್ವಾ? ನಮ್ಮ ಸುರಪುರದಾಗ ಭಿ ಗುಡ್ಡ ಅವ." ಅತ್ತೆ ನನಗಿಂತ ಮೊದಲೇ ಹೇಳಿದರು. "ಕೊಡ್ತಾಳ. ಆದ್ರ ಜರಾ ಕಾಯಬೇಕು. ಅಕಿಗಿ ಕೆಲಸ ಭಾಳ ಅದ." ನನಗೆ ಆ ಹೊತ್ತಿನಲ್ಲಿ ಮನೆಗೆ ಹೋಗಿ ಮಲಗುವುದರ ಹೊರತು ಬೇರೆ ಕೆಲಸವಿರಲಿಲ್ಲ ಎಂಬುದನ್ನು ಇಬ್ಬರೂ ಬಲ್ಲೆವು.

ಆ ಸುಳ್ಳನ್ನು ನಿಜ ಮಾಡಲು ಹೆಚ್ಚು ಕಾಲ ಹಿಡಿಯಲಿಲ್ಲ. ಮುಂದಿನ ವರ್ಷ ಶಾಲೆಯವರು ಮತ್ತೆ ಫೋನು ಮಾಡಿ, ಬರುತ್ತೀರಾ ಎಂದು ಕೇಳಿದರು. ಅಷ್ಟೇ ನಯವಾಗಿ ಒಲ್ಲೆ ಎಂದೆ. ಈಗ ನಮ್ಮ ಹಜಾರದಲ್ಲಿ ನಡೆದಾಡಲು ದಾರಿಯಿಲ್ಲ. ಒಂದು ಕಡೆ ಕೈಮಗ್ಗದ ಬಟ್ಟೆಯ ಥಾನು, ಇನ್ನೊಂದು ಕಡೆ ಒಣಹಾಕಿದ ಅಚ್ಚು. ಹತ್ತಿರದ ಬಳಿಚಕ್ರ ಊರಿನ ಇಬ್ಬರು ಹೆಂಗಸರು ಅತ್ತೆಯ ಜೊತೆ ಕೂತು ಹೊಲಿಯುತ್ತಾರೆ. ಅತ್ತೆಯ ದೃಷ್ಟಿ ಮಂದವಾಗಿದೆ, ದನಿ ಮಂದವಾಗಿಲ್ಲ.

ಇವತ್ತು ತುರಿಕೆ ಕೆರೆದುಕೊಂಡು ಚಹಾ ಮುಗಿಸುವಷ್ಟರಲ್ಲಿ ಕೊಂಕಲ್‌ನಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಹಳೆಯ ಸೀರೆಗಳ ಗಂಟು. ಮಗಳ ಕೂಸಿಗೆ ಕೌದಿ ಬೇಕಂತೆ. ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ನೋಡಿ, "ಇದೆಲ್ಲ ಯಾರ ಬಲ್ಲಿ ಕಲ್ತೀರ್ರಿ?" ಎಂದು ಕೇಳಿದಳು.

ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಯಾರೂ ಕಲಿಸಿಲ್ಲ, ನಾನೇ ಕಲಿತೆ ಎಂಬ ಉತ್ತರ ನನ್ನ ನಾಲಗೆಯ ತುದಿಯಲ್ಲಿ ಸದಾ ಸಿದ್ಧ. ಹೇಳುವಾಗ ಸ್ವಲ್ಪ ಕತ್ತೂ ಎತ್ತರಿಸುತ್ತೇನೆ. ಇವತ್ತು ಯಾಕೋ ಬಾಯಿ ತೆರೆದವಳು ತಡೆದೆ. ಅಷ್ಟರಲ್ಲಿ ಒಳಗಿನಿಂದ ಅತ್ತೆಯೇ ಕೂಗಿ ಹೇಳಿದರು. "ಯಾರೂ ಕಲಿಸಿಲ್ಲವ್ವಾ. ತಾನೇ ಕಲ್ತಾಳ!"

"ಇಲ್ರಿ" ಎಂದೆ ನಾನು. "ಇವರೇ ಕಲಿಸ್ಯಾರ."

ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ನಾ ಏನ ಕಲಿಸೀನಿ? ಬರೇ ಬೈದೀನಿ."

"ಅದೇ ರಿ ಅತ್ತಿ. ಅದನ್ನೇ ಹೇಳಾಕತ್ತೇನಿ."

ಅತ್ತೆ ಸೆರಗಿನಲ್ಲಿ ಸೂಜಿ ಹುಡುಕುತ್ತ ನಿಂತರು. ಕೊಂಕಲ್‌ನ ಹೆಂಗಸು ಇಬ್ಬರನ್ನೂ ನೋಡಿ, "ಅದು ನೀವು ಆಮ್ಯಾಲ ಬಗಿಹರಿಸ್ಕೊರಿ. ನನಗ ಗುಡ್ಡ ಬ್ಯಾಡ, ನಮ್ಮೂರಾಗ ಗುಡ್ಡ ಇಲ್ಲ. ನಮ್ಮ ಅವ್ವನ ಮನಿ ಮುಂದ ಮೆಟ್ಟಲದ ಬಾವಿ ಇತ್ತು, ಈಗ ಮುಚ್ಚ್ಯಾರ. ಅದು ಆಗ್ತದೇನ್ರಿ?" ಎಂದಳು.

"ಆಗ್ತದ" ಎಂದು ಕಾಗದ, ಪೆನ್ಸಿಲು ತೆಗೆದುಕೊಂಡೆ. ಬರೆದು ತಿರುಗಿಸುವ ಗೊಡವೆ ಈಗ ಬೇಕಿಲ್ಲ, ಮೊದಲೇ ತಿರುಗುಮುರುಗಾಗಿ ಬರೆಯುವುದು ಕೈಗೆ ರೂಢಿಯಾಗಿದೆ. "ಬಾವ್ಯಾಗ ಇಳಿದ್ರ ಮೆಟ್ಟಲು ಯಾವ ಕಡಿ ತಿರಗತಾವ್ರಿ?"

ಆಕೆ ಯೋಚಿಸಿದಳು. ಕೂತು ನೆನಪಾಗಲಿಲ್ಲ. ಎದ್ದು ನಮ್ಮ ಅಂಗಳದ ನಡುವೆ ನಿಂತು, ಕಣ್ಣು ಮುಚ್ಚಿ, ಇಲ್ಲದ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು, ಒಂದೊಂದೇ ಹೆಜ್ಜೆ ಇಳಿದಳು.

"ಬಲಕ್ಕ ರಿ" ಎಂದಳು, ಕಣ್ಣು ತೆರೆಯದೆ.

ನಾನು ಎಡಕ್ಕೆ ಗೆರೆ ಎಳೆದೆ.